ಮೂರು ಬೆಳಗು ಕೂತು ನೋಡುವ ಬಸ್ಸಮ್ಮ

ರಾಮಸಮುದ್ರದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಕುರಿ ಸಾಕುವ ಮಲ್ಕಪ್ಪನವರ ಮನೆಯ ಕಟ್ಟೆ ಮೇಲೆ ಬಸ್ಸಮ್ಮ ಆಗಲೇ ಕೂತಿದ್ದಾರೆ, ತೊಡೆಯ ಮೇಲೊಂದು ನೋಟ್‌ಬುಕ್. ಒಂಬತ್ತು ವರ್ಷದ ಕಲ್ಪನಾ ಎದ್ದು ಬಂದು ಅಂಗಿಯ ಗುಂಡಿಯ ಜೊತೆ ಗುದ್ದಾಡುತ್ತಾಳೆ. ತಾಯಿ ಮಲಕಮ್ಮ ಗುಂಡಿ ಹಾಕಿಕೊಡಲು ಓಡಿ ಬರುತ್ತಾರೆ. “ನೀ ಸುಮ್ಕ ಕೂಡು ಯವ್ವಾ, ಕೂಸು ತಾನ ಹಾಕ್ಕೊಳ್ಲಿ,” ಎಂದು ಬಸ್ಸಮ್ಮ ಗದರುತ್ತಾರೆ. ನಾಲ್ಕು ನಿಮಿಷಕ್ಕೆ ಗುಂಡಿ ಕಾಜಾದೊಳಗೆ ಕೂರುತ್ತದೆ. ಅಬ್ಬಾ, ನೋಡುತ್ತಿದ್ದ ನನಗೇ ಉಸಿರು ಬಂದಂತಾಗುತ್ತದೆ.

ಐವತ್ತೆರಡರ ಬಸ್ಸಮ್ಮ ಹನ್ನೊಂದು ಹಳ್ಳಿ ಸುತ್ತುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಹತ್ತೊಂಬತ್ತು ವರ್ಷದ ಸರ್ವಿಸು. ಕಲಿಕೆಯಲ್ಲಿ ಹಿಂದುಳಿದ ಮಗುವಿದ್ದರೆ ಆ ಮನೆಗೆ ಮೂರು ಬೆಳಗು. ಮುಖ ತೊಳೆದದ್ದು, ಉಂಡದ್ದು, ಹೇಳಿದ ಮಾತು ಹಿಡಿದದ್ದು, ಎಲ್ಲ ಬರೆದು ಯಾದಗಿರಿಯ ತಜ್ಞರಿಗೆ ಒಪ್ಪಿಸುತ್ತಾರೆ. ಬೌದ್ಧಿಕ ಅಂಗವೈಕಲ್ಯ ಹೌದೋ ಅಲ್ಲವೋ ಎಂದು ಹೇಳುವವರು ಆ ತಜ್ಞರು. ಬರೀ ಪ್ರಶ್ನೆ ಕೇಳಿದರೆ ಅದು ತಿಳಿಯದು, ಮಗು ದಿನ ಹೇಗೆ ಕಳೆಯುತ್ತದೆ ಎಂಬುದೂ ಬೇಕು.

“ಬಿಸಿಲೇರಿದ ಮ್ಯಾಲ ಹೋದ್ರ ಏನೂ ಸಿಗಂಗಿಲ್ರಿ. ಅಷ್ಟೊತ್ತಿಗಿ ತಾಯಿ ಎಲ್ಲಾ ಮಾಡಿ ಮುಗಿಸಿರ್ತಾಳ,” ಎಂದು ಬಸ್ಸಮ್ಮ ನಗುತ್ತಾರೆ.

ಕಲ್ಪನಾಳ ವಿಷಯದಲ್ಲಿ ಆದದ್ದೂ ತಾಯಿಯ ಎಡವಟ್ಟೇ. ಎರಡು ವರ್ಷದ ಹಿಂದೆ ಶಾಲೆಯವರು ತಪಾಸಣೆಗೆ ಕಳಿಸಿದಾಗ ಮನೆಯಲ್ಲಿ ದೊಡ್ಡ ಮಗಳಿಗೆ ಗಂಡು ನೋಡುತ್ತಿದ್ದರು. ತಂಗಿಗೆ ಬುದ್ಧಿ ಸಾಲದೆಂಬ ಚೀಟಿ ಬಂದರೆ ಅಕ್ಕನ ಗತಿ ಏನು? ಮಲಕಮ್ಮ ಹೆದರಿದರು. ಕನ್ಯೆ ನೋಡಲು ಬರುವ ಮುಂಚೆ ಹುಡುಗಿಗೆ ಉತ್ತರ ಕಲಿಸುತ್ತಾರಲ್ಲ, ಹಾಗೇ ಕಲ್ಪನಾಗೆ ವಾರವಿಡೀ ಉರು ಹೊಡೆಸಿದರು: ಹೆಸರು, ಊರು, ಬಣ್ಣ, ಬೆರಳೆಣಿಕೆ. ಉಳಿದದ್ದಕ್ಕೆಲ್ಲ “ತಾನ ಮಾಡ್ಕೊಂತಾಳ್ರಿ” ಅಂದುಬಿಟ್ಟರು. ಅವಸರದಲ್ಲಿದ್ದ ತಪಾಸಣೆಯವರು ‘ತೊಂದರೆಯಿಲ್ಲ’ ಎಂದು ಬರೆದರು.

ತೊಂದರೆ ಇಲ್ಲದ ಮಗು ಯಾಕೆ ಓದುವುದಿಲ್ಲ? ಹಠ! ಮೈಗಳ್ಳತನ! ಅಪ್ಪ ಮಲ್ಕಪ್ಪ ಕೋಲು ಹಿಡಿದರು. ಕೊನೆಗೆ ಮಗಳ ಬೆನ್ನಿನ ಬಾಸುಂಡೆ ನೋಡಲಾಗದೆ ಮಲಕಮ್ಮನೇ ಹೋಗಿ ಬಸ್ಸಮ್ಮನ ಮುಂದೆ ನಿಜ ಹೇಳಿ ಅತ್ತರು.

ಬಸ್ಸಮ್ಮ ಬೈಯಲಿಲ್ಲ. ಅವರ ತಮ್ಮ ತಿರುಪತಿಯೂ ಹೀಗೇ ‘ಸೋಮಾರಿ’ ಎಂದು ಬೈಸಿಕೊಂಡು ಬೆಳೆದವರು. ಹದಿನಾಲ್ಕಕ್ಕೆ ಏಟಿಗೆ ಹೆದರಿ ಮನೆ ಬಿಟ್ಟು, ಎರಡು ದಿನದ ಮೇಲೆ ಸೈದಾಪುರ ಸ್ಟೇಷನ್ನಿನಲ್ಲಿ ಸಿಕ್ಕರು. ಈಗ ನಲವತ್ತು ದಾಟಿದೆ, ಅಕ್ಕನ ಮನೆಯಲ್ಲೇ ಇದ್ದಾರೆ. “ಅವ್ನಿಗಿ ಏನಾಗ್ಯಾದಂತ ನಮ್ಮಪ್ಪಗ ಯಾರೂ ಹೇಳ್ಲಿಲ್ರಿ,” ಅನ್ನುವಾಗ ಬಸ್ಸಮ್ಮನ ದನಿ ಗಡುಸಾಗುತ್ತದೆ.

ಆಗ ಮೂರು ಬೆಳಗು ಕೂತು ಬರೆದ ಟಿಪ್ಪಣಿ ಹಿಡಿದು ಬಸ್ಸಮ್ಮ ಕಲ್ಪನಾಳನ್ನು ಯಾದಗಿರಿಗೆ ಕರೆದೊಯ್ದರು. ಕಿವಿ, ಕಣ್ಣು ನೋಡಿದರು, ಎರಡೂ ಸರಿ. ಆಮೇಲೆ ಮನಃಶಾಸ್ತ್ರಜ್ಞರು ಎರಡು ತಾಸು ಕೂತು ಪರೀಕ್ಷಿಸಿ ಹೇಳಿದರು: ಸೌಮ್ಯ ಪ್ರಮಾಣದ ಬೌದ್ಧಿಕ ಅಂಗವೈಕಲ್ಯ. ನಿಧಾನ ಕಲಿಯುತ್ತಾಳೆ, ಆದರೆ ಕಲಿಯುತ್ತಾಳೆ. ಚೂರು ಚೂರಾಗಿ ಹೇಳಿಕೊಡಿ.

“ಹಠ ಅಂತ ತಿಳ್ಕೊಂಡಿದ್ದೆರಿ. ಅಕಿ ಕೈಲಿ ಆಗದಿದ್ದಕ್ಕ ಹೊಡದೀನಲ್ಲ,” ಎಂದು ಮಲ್ಕಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತು ಅತ್ತರಂತೆ. ಈಗ ಕೋಲು ಕುರಿ ಹಿಂದಷ್ಟೇ ಹೋಗುತ್ತದೆ. ದೊಡ್ಡವಳ ಮದುವೆಯೂ ಆಯಿತು. ಶಹಾಪುರದ ಬೀಗರಿಗೆ ಮಲಕಮ್ಮ ಎಲ್ಲ ಮೊದಲೇ ಹೇಳಿದ್ದರು, ಅವರೇನೂ ಮೂತಿ ತಿರುವಲಿಲ್ಲ. “ಎದಿ ಮ್ಯಾಗಿನ ಕಲ್ಲು ಇಳದಂಗ ಆಗ್ಯಾದ್ರಿ,” ಅನ್ನುತ್ತಾರೆ ಮಲಕಮ್ಮ.

ಕಲ್ಪನಾ ಎಷ್ಟು ಕಲಿತಳೆಂದು ಇವತ್ತು ಮತ್ತೆ ನೋಡಲು ಬಂದಿದ್ದ ಬಸ್ಸಮ್ಮ ಮುಂದಿನ ಹಳ್ಳಿಗೆ ಹೊರಟು ನಿಂತಿದ್ದಾರೆ. ನಿಮಗೇನು ಬೇಕು ಎಂದು ಕೇಳಿದೆ. ಸನ್ಮಾನ, ಶಾಲು ಅಂದಾರು ಅಂದುಕೊಂಡಿದ್ದೆ.

“ನನಗೇನ್ ಬ್ಯಾಡ್ರಿ,” ಎಂದರು. “ಮಕ್ಳಿಗಿ ಹೊಡದಾದ ಮ್ಯಾಲ ನನ್ನ ಕರೀತಾರ. ಹೊಡಿಯಾದ್ಕಿಂತ ಮೊದ್ಲ ಕರೀಲಿ, ಅಷ್ಟ.”