ದೇವರಿಗೆ ‘ರೀ’ ಅನ್ನುತ್ತಿದ್ದ ಆಯಿ

ಮಳೆಗಾಲ ಮುಗಿದು ಬಿಸಿಲು ಬಿದ್ದ ಕೂಡಲೇ ಟ್ರಂಕಿನ ಬಟ್ಟೆಗಳನ್ನು ಅಂಗಳದಲ್ಲಿ ಹರವುವುದು ನನ್ನ ಅಭ್ಯಾಸ. ಈ ಸಲ ತಳದಲ್ಲಿದ್ದ ಕೌದಿಯನ್ನು ಝಾಡಿಸಿದ್ದೇ ತಡ, ಒಣ ಬೇವಿನ ಎಲೆ, ಕುಸುಬೆ ಎಣ್ಣೆ, ಒಲೆಯ ಹೊಗೆ ಎಲ್ಲ ಕಲೆತ ವಾಸನೆ ಮೂಗಿಗೆ ಅಡರಿತು. ಮೊಣಕಾಲೂರಿದ ಎರಡು ಜಾಗದಲ್ಲಿ ಹೊಲಿಗೆ ಸವೆದು ಒಳಗಿನ ಹಳೆ ಸೀರೆಯ ನೀಲಿ ಇಣುಕುತ್ತಿತ್ತು. ಅದು ನಮ್ಮ ಆಯಿಯ ಪ್ರಾರ್ಥನೆಯ ಕೌದಿ. ಆಯಿ ಅಂದರೆ ನನ್ನ ತಂದೆಯ ತಾಯಿ. ಭಾಲ್ಕಿಯಲ್ಲಿ ಚರ್ಚಿನ ಹಿಂದಿನ ಓಣಿಯಲ್ಲಿ ಕೆಂಪು ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆಯ ಮನೆ ನಮ್ಮದು. ಈಗ ಆ ಮನೆಯೂ ಇಲ್ಲ, ಓಣಿಯ ಗುರುತೂ ಸಿಗುವುದಿಲ್ಲ.

ದೀಪ ಹಚ್ಚುವ ಹೊತ್ತಿಗೆ ಆಯಿ ಕೈಕಾಲು ತೊಳೆದು, ಕೌದಿ ಹಾಸಿ, ಸೆರಗು ಹೊದ್ದು ಮೊಣಕಾಲೂರುತ್ತಿದ್ದಳು. ಕಣ್ಣು ಮುಚ್ಚಿ ಮೊದಲು ಕೇಳುತ್ತಿದ್ದುದು, “ಸರ್ಕಾರ್, ಇದ್ದೀರೇನ್ರೀ? ಒಳಗ ಬರ್ಲೇನ್ರೀ?” ಅಷ್ಟು ಕೇಳಿ ಸುಮ್ಮನಾಗುವಳು. ಯಾರೋ ಒಳಗಿನಿಂದ ಹೂಂ ಅಂದರೆಂಬಂತೆ ಮುಖ ಅರಳುತ್ತಿತ್ತು. ಆಮೇಲೆ ಶುರುವಾಗುತ್ತಿತ್ತು ದಿನದ ವರದಿ. “ಔರಾದದಿಂದ ಮಗಳ ಕಾಗದ ಬಂದಿಲ್ರಿ, ಜರಾ ನೋಡ್ರಿ. ಬಾಜೂ ಮನಿ ಗೌರಮ್ಮನ ಕೂಸಿಗಿ ಜ್ವರ ಬಂದಾವ್ರಿ, ದವಾ ತಾಗವಲ್ದು, ನಿಮ್ಮ ಕೈ ಇಡ್ರಿ.” ಜೋಳದ ತೆನೆಗೆ ಬಿದ್ದ ಹಕ್ಕಿಯಿಂದ ಹಿಡಿದು ನನ್ನ ತಲೆಯ ಹೇನಿನವರೆಗೆ ಎಲ್ಲವೂ ದೇವರ ಕಿವಿಗೆ ಬೀಳಲೇಬೇಕು. ಮುಗಿಸುವಾಗ, “ಭಾಳ ತಕಲೀಫ್ ಕೊಟ್ಟೆ, ಮಾಫ್ ಮಾಡ್ರಿ. ಬರ್ತೇನ್ರೀ. ಆಮೆನ್.” ಕೊರಳಲ್ಲಿ ಲಿಂಗ ಕಟ್ಟಿದ ಗೌರಮ್ಮನೂ ಹೊಸ್ತಿಲ ಆಚೆ ಕೂಸನ್ನೆತ್ತಿಕೊಂಡು ನಿಂತು, ಆಯಿ ಆಮೆನ್ ಅನ್ನುವವರೆಗೂ ಕದಲುತ್ತಿರಲಿಲ್ಲ. ಓಣಿಯಲ್ಲಿ ಯಾರೇ ಊರಿಗೆ ಹೊರಟರೂ ಆಯಿಯ ಮುಂದೆ ತಲೆ ಬಗ್ಗಿಸಿ, ಅವಳ ಕೈಯನ್ನು ನೆತ್ತಿಯ ಮೇಲೆ ಇಡಿಸಿ ಪ್ರಾರ್ಥನೆ ಮಾಡಿಸಿಕೊಂಡೇ ಹೋಗುತ್ತಿದ್ದರು. ಆ ದನಿ ಕೇಳಿಸಿಕೊಂಡರೆ ಅರ್ಧ ದಾರಿ ಸವೆದಷ್ಟು ಧೈರ್ಯ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದಾಗ ನನಗೆ ಒಂಬತ್ತು ವರ್ಷ. ಅಪ್ಪ ಶಾಲೆಯ ಮಾಸ್ತರರು. ಕಲಿತದ್ದೂ ಕಲಿಸಿದ್ದೂ ಉರ್ದುವಿನಲ್ಲಿ. ಈಗ ಕನ್ನಡ ಬರೆಯಬೇಕೆಂದು ಹುಕುಂ ಬಂದು, ನನ್ನ ಪಾಟಿಯನ್ನೇ ಇಸಿದುಕೊಂಡು ಒತ್ತಕ್ಷರ ತಿದ್ದುತ್ತಿದ್ದರು. ಆ ಬೇಸರದಲ್ಲೂ ಆಯಿಯನ್ನು ಕಾಡಿಸದೆ ಬಿಡುತ್ತಿರಲಿಲ್ಲ. “ಅವ್ವಾ, ಸರ್ಕಾರ ಹೈದರಾಬಾದ್ ಬಿಟ್ಟು ಬೆಂಗಳೂರಿಗಿ ಹೋಯ್ತಂತ. ಇನ್ನ ನಿನ್ನ ಅರ್ಜಿ ಅಲ್ಲಿಗೇ ಕಳಸ್ಬೇಕು ನೋಡು.” ಆಯಿ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, “ನನ್ನ ಸರ್ಕಾರ್ ಎಲ್ಲಿಗೂ ಹೋಗಂಗಿಲ್ಲ. ನಿಮ್ಮ ಕಾಗದಾ ಹೊತಗೊಂಡು ನೀವೇ ಹೋಗ್ರಿ,” ಅನ್ನುವಳು. ಮನೆಯೆಲ್ಲ ನಗುತ್ತಿತ್ತು. ಆ ನಗು ಇನ್ನೊಂದು ವರ್ಷವಾದರೂ ಹಾಗೇ ಇರಬಾರದಿತ್ತೇ!

ಅದೇ ವರ್ಷ ಮೈಸೂರು ಕಡೆಯಿಂದ ಹೊಸ ಪಾದ್ರಿ ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಖಟಕ ಚಿಂಚೋಳಿಯವರೆಗೂ ಸೈಕಲ್ ತುಳಿದು ಕಾಯಿಲೆಯವರನ್ನು ನೋಡಿಬರುತ್ತಿದ್ದರು. ಒಂದು ಸಂಜೆ ನಮ್ಮ ಮನೆಗೆ ಬಂದವರು ಆಯಿಯ ಪ್ರಾರ್ಥನೆ ಕೇಳಿಸಿಕೊಂಡು ನಕ್ಕರು. “ಅಜ್ಜೀ, ದೇವರು ಅಮಲ್ದಾರರಲ್ಲ, ನಮ್ಮ ತಂದೆ. ತಂದೆ ಮನೆಗೆ ಹೋಗೋಕೆ ಅಪ್ಪಣೆ ಯಾಕೆ? ಮೊಮ್ಮಗಳು ನಿಮ್ಮನ್ನ ‘ನೀನು’ ಅಂತಾಳಲ್ಲ, ಹಾಗೆ ಹತ್ತಿರದಿಂದ ಮಾತಾಡಿ. ಪ್ರಾರ್ಥನೆ ಪುಸ್ತಕದಲ್ಲೂ ‘ನೀನು’ ಅಂತಲೇ ಇದೆ.”

“ಆಕಿ ಸಣ್ಣಾಕಿ ಅದಾಳ್ರಿ, ಆಕಿಗಿ ತಿಳೀವಲ್ದು. ನನಗ ತಿಳೀತದಲ್ರಿ,” ಅಂದಳು ಆಯಿ.

ಅವರು ಬಿಡಲಿಲ್ಲ. ಸುಗ್ಗಿ ಹಬ್ಬದ ಆರಾಧನೆಯಲ್ಲಿ ಹಿರಿಯಳಾದ ಆಯಿಯೇ ಪ್ರಾರ್ಥನೆ ಮಾಡಬೇಕು, ಅದನ್ನು ಶುದ್ಧ ಕನ್ನಡದಲ್ಲಿ ಕಲಿಸುವ ಕೆಲಸ ನನ್ನದು ಎಂದರು. ನನಗೋ ಜಾಣೆ ಅನ್ನಿಸಿಕೊಳ್ಳುವ ಚಟ. ಎಂಟು ದಿನ ಬೀಸುವ ಕಲ್ಲಿನ ಮುಂದೆ ಕೂತು ಆಯಿಯ ಬೆನ್ನು ಹತ್ತಿದೆ. “ನೀನು ನಮಗೆ ಬೆಳೆಯನ್ನು ಕೊಟ್ಟಿದ್ದೀ” ಎಂದು ನಾನು ಹೇಳಿದರೆ ಅವಳು “ನೀವು ನಮಗ ಬೆಳಿ ಕೊಟ್ಟೀರ್ರಿ” ಅನ್ನುವಳು. ನಾನು ಸಿಡುಕುತ್ತಿದ್ದೆ. ಕೊನೆಗೆ ಒಂದು ದಿನ ಕಣ್ಣು ಕೆಳಗೆ ಮಾಡಿ, ಕಳ್ಳತನ ಮಾಡಿದವಳ ಹಾಗೆ, ‘ನೀನು’ ಅಂದಳು. ಗೆದ್ದೆ ಎಂದುಕೊಂಡೆ ನಾನು.

ಹಬ್ಬದ ದಿನ ಚರ್ಚಿನಲ್ಲಿ ಜೋಳದ ತೆನೆ, ಕಡಲೆ ಗಿಡ, ಕುಂಬಳಕಾಯಿ ರಾಶಿ ಬಿದ್ದಿದ್ದವು. ಆಯಿ ಎದ್ದು ನಿಂತಳು. ಮೊದಲ ಮಾತು ಸರಿಯಾಗೇ ಬಂತು. ಎರಡನೆಯದಕ್ಕೆ “ನೀ...” ಎಂದು ನಿಂತುಬಿಟ್ಟಳು. ಇನ್ನೊಮ್ಮೆ “ನೀ...” ಎಂದಳು. ಯಾರೋ ಕೆಮ್ಮಿದರು. ಮುಂದಿನ ಜಮಖಾನದ ಮೇಲೆ ಕೂತಿದ್ದ ನಾನು ತಡೆಯಲಾರದೆ ಕೂಗಿದೆ: “‘ನೀನು’ ಅನ್ನು ಆಯಿ! ‘ರೀ’ ಅನಬ್ಯಾಡ!” ಚರ್ಚಿಗೆ ಚರ್ಚೇ ನಕ್ಕಿತು. ಕೆಟ್ಟ ನಗುವಲ್ಲ, ಮಕ್ಕಳ ಮಾತಿಗೆ ನಗುವ ನಗು. ಆಯಿ ಸೆರಗನ್ನು ಮುಖದ ತನಕ ಎಳೆದುಕೊಂಡು ಕೂತಳು. ಪ್ರಾರ್ಥನೆಯನ್ನು ಪಾದ್ರಿ ಸಾಹೇಬರೇ ಮುಗಿಸಿದರು.

ಅಂದಿನಿಂದ ಆಯಿಯ ದನಿ ಹೋಯಿತು. ಕೌದಿ ಹಾಸುವಳು, ಮೊಣಕಾಲೂರುವಳು, ತುಟಿ ಮಾತ್ರ ಅಲ್ಲಾಡುತ್ತಿತ್ತು. ಗೌರಮ್ಮ ಎರಡು ಸಂಜೆ ಬಂದು ನಿಂತು ನೋಡಿ, “ಯಾಕ್ರಿ ಆಯಿ, ನಿಮ್ಮ ಸರ್ಕಾರ್ ಸಂಗಟ ಮಾತ್ ಬಿಟ್ಟೀರೇನ್ರಿ?” ಎಂದು ಕೇಳಿದಳು. “ಅವ್ರ ಸಂಗಟ ಹ್ಯಾಂಗ ಮಾತಾಡ್ಬೇಕಂತ ನನಗ ಗೊತ್ತಿಲ್ಲಂತವ್ವ,” ಅಂದಳು ಆಯಿ. ಗೌರಮ್ಮ ಕೂಸನ್ನೆತ್ತಿಕೊಂಡು ಹೊರಟುಹೋದಳು. ಪಾದ್ರಿ ಸಾಹೇಬರಿಗೂ ಕಸಿವಿಸಿಯಾಗಿರಬೇಕು. ಮನೆಗೆ ಬಂದು, “ಮೊದಲಿನ ಹಾಗೇ ಮಾಡಿ ಅಜ್ಜೀ, ನನ್ನದೇ ತಪ್ಪು,” ಎಂದರು. ಆಯಿ “ಹೂಂನ್ರಿ” ಅಂದಳು, ಮಾಡಲಿಲ್ಲ.

ಆಮೇಲೊಂದು ಮಧ್ಯಾಹ್ನ ಕಾಳು ಹಸನು ಮಾಡುತ್ತ ನನ್ನ ಹೆತ್ತ ಅವ್ವ ನನಗೆ ಸಂಗತಿ ಹೇಳಿದಳು. ಆಯಿ ಸಣ್ಣವಳಿದ್ದಾಗ ಜಾಗೀರದಾರರ ವಾಡೆಗೆ ಸೌದೆ ಹೊರುತ್ತಿದ್ದಳಂತೆ. “ಸರ್ಕಾರ್, ಬರ್ಲೇನ್ರೀ?” ಎಂದು ಬಾಗಿಲಲ್ಲಿ ನಿಂತು ಕೇಳಬೇಕು. ಹೊರೆ ಅಲ್ಲೇ ಇಳಿಸು ಅನ್ನುವರೇ ಹೊರತು ನಮ್ಮ ಜಾತಿಯವರಿಗೆ ಒಳಗೆ ಬಾ ಅಂದವರಿಲ್ಲ. “ನಿಮ್ಮ ಆಯಿ ದಿನಾ ಯಾಕ ಕೇಳ್ತಿದ್ಳು ಗೊತ್ತದೇನ? ಈ ಸರ್ಕಾರ್ ದಿನಾ ಬಾ ಅಂತಿದ್ರು ಆಕಿಗಿ. ಅದನ್ನ ಕೇಳೋದೇ ಆಕಿಗಿ ಹಬ್ಬ ಆಗಿತ್ತು.” ನಾನು ಅಳುತ್ತ ಹೋಗಿ ಆಯಿಯ ಮಡಿಲಲ್ಲಿ ಬಿದ್ದೆ. ಅವಳು ನನ್ನ ತಲೆ ಹಿಕ್ಕಿ, ಎಣ್ಣೆ ಹಚ್ಚಿ, ಏನೂ ಆಗೇ ಇಲ್ಲವೆನ್ನುವಂತೆ ಜಡೆ ಹಾಕಿದಳು.

ಹನ್ನೆರಡು ತುಂಬಿದ ಮೇಲೆ ನನ್ನನ್ನು ಬೀದರಿನ ಹುಡುಗಿಯರ ಬೋರ್ಡಿಂಗಿಗೆ ಸೇರಿಸಿದರು. ಹೊರಡುವ ಬೆಳಿಗ್ಗೆ ಅಪ್ಪ ಟ್ರಂಕು ಹೊತ್ತು ಬಸ್ಸಿನ ಕಡೆ ನಡೆದಿದ್ದರು. ನಾನು ಆಯಿಯ ಮುಂದೆ ತಲೆ ಬಗ್ಗಿಸಿ, “ಜೋರಾಗಿ ಮಾಡು ಆಯಿ. ನಿನ್ನ ಹಂಗೇ ಮಾಡು. ಒಂದೇ ಸಲ,” ಎಂದು ಬೇಡಿಕೊಂಡೆ. ಅವಳು ನೆತ್ತಿಯ ಮೇಲೆ ಕೈ ಇಟ್ಟಳು. ನಾನು ಕಣ್ಣು ಮುಚ್ಚದೆ, ತಲೆಯೆತ್ತಿ ಅವಳ ತುಟಿಯನ್ನೇ ನೋಡುತ್ತ ನಿಂತೆ. ಬಹಳ ಹೊತ್ತು ಮಾಡಿದಳು. ಒಂದು ಅಕ್ಷರವೂ ಕೇಳಲಿಲ್ಲ.

“ಏನಂದಿ ಆಯಿ?”

“ನಿನಗ್ಯಾಕವ್ವ? ಅದು ಅವ್ರಿಗಿ ಹೇಳಿದ್ದು. ಹೋಗು, ಬಸ್ ಬಿಟ್ಟಾತು.”

ಕ್ರಿಸ್ಮಸ್ ರಜೆಗೆ ನಾನು ಮರಳುವ ಮೊದಲೇ ಆಯಿ ಹೋಗಿಬಿಟ್ಟಳು. ಊರಿಗೆಲ್ಲ ಕೇಳುವಂತೆ ಪ್ರಾರ್ಥಿಸುತ್ತಿದ್ದವಳು ನನಗಾಗಿ ಮಾಡಿದ ಕೊನೆಯ ಪ್ರಾರ್ಥನೆ ನನಗೇ ಕೇಳದೆ ಹೋಯಿತು. ಅದಕ್ಕೆ ಕಾರಣ ನಾನೇ. ನನ್ನ ಹೆಸರು ಮಾರ್ತಾ. ಆ ಬೆಳಿಗ್ಗೆ ಅವಳ ಎರಡೂ ತುಟಿ ‘ಮಾ’ ಅನ್ನುವಂತೆ ಒಮ್ಮೆ ಕೂಡಿ ಬಿಚ್ಚಿದ್ದನ್ನು ನೋಡಿದ್ದೇನೆ. ಅದು ನನ್ನ ಹೆಸರೇ ಇರಬೇಕು. ಉಳಿದದ್ದು ಏನೆಂದಳೋ, ಹೇಗೆಂದಳೋ, ನನಗೆ ಗೊತ್ತಿಲ್ಲ.