ತಾಯವ್ವನ ಕಾಲಿಗೆ ನಿಲುಕದ ಪಾವಡಿ

ಬನಹಟ್ಟಿಯ ತಾಯವ್ವ ಇಪ್ಪತ್ತೆರಡು ವರ್ಷ ಕುಣಿಮಗ್ಗದಲ್ಲಿ ಸೀರೆ ನೇಯ್ದವಳು. ಆ ಕುಣಿ ಅಗೆಯುವ ಮುಂಚೆ ಅತ್ತೆ ಅವಳ ಮೊಳಕಾಲಿನಿಂದ ಹಿಮ್ಮಡದವರೆಗೆ ನೂಲು ಹಿಡಿದು ಅಳೆದಿದ್ದಳು. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ, ಮಗ್ಗ ನಡೆಸಲು ತುಳಿಯುವ ಪಾವಡಿ ತಾನಾಗಿ ಅಂಗಾಲಿಗೆ ಸಿಗುತ್ತಿತ್ತು. ಗಂಡ ಸತ್ತ ಮೇಲೆ ಇಬ್ಬರು ಹೆಣ್ಣುಮಕ್ಕಳ ಹೊಟ್ಟೆ ತುಂಬಿದ್ದು ಅದರಿಂದಲೇ.

೧೯೫೩ರಲ್ಲಿ ನೇಕಾರರ ಸಂಘವೊಂದು ನೆಲದ ಮೇಲೆ ನಿಲ್ಲುವ ಹೊಸ ಮಗ್ಗ ಕೊಡುತ್ತೇನೆಂದಿತು. ಷರತ್ತು ಒಂದೇ, ಹಳೆಯ ಕುಣಿ ಮುಚ್ಚಬೇಕು. ನಂಬಿ ಮುಚ್ಚಿದಳು. ಮಗ್ಗ ಕೂಡಿಸಲು ಬಂದ ಮಾಸ್ತರ ಟೇಪು ಬಿಚ್ಚಿ, "ನೇಯವ್ರು ಕೂಡ್ರಿ, ಕಾಲು ಅಳೀಬೇಕು" ಎಂದ.

ಪರಗಂಡಸರ ಮುಂದೆ ಸೀರೆ ಎತ್ತುವುದೇ? ತಾಯವ್ವ ಬಾಗಿಲ ಮರೆಗೆ ಸರಿದಳು. ಮೈದುನ ಹುಲೆಪ್ಪ, "ವೈನಿ ಬದ್ಲಿ ನಾ ಕೂಡ್ತೇನ್ರಿ" ಎಂದು ಕೂತ. ಅರಿವೆ ಅಂಗಡಿಯ ಹುಲೆಪ್ಪ ತೊಲೆಯಷ್ಟು ಎತ್ತರ, ಲಾಳಿ ಮುಟ್ಟಿದವನಲ್ಲ. ಅವನ ಕಾಲಿನ ಅಳತೆಗೇ ಪಾವಡಿ ಕೂಡಿಸಿ ಮಾಸ್ತರ ಹೋದ.

ತಾಯವ್ವ ಕೂರುವ ಹಲಗೆಯ ಅಂಚಿಗೆ ಜಾರಿ, ಸೊಂಟ ಓರೆ ಮಾಡಿ, ಬೆರಳ ತುದಿಯಲ್ಲಿ ತುಳಿದಳು. ಎಂಟು ತಿಂಗಳಿಗೆ ಸೊಂಟ ಹಿಡಿಯಿತು. ಕೊನೆಗೆ ಪಾವಡಿಗೆ ಕಟ್ಟಿಗೆ ತುಂಡು ಕಟ್ಟಿಕೊಂಡಳು. ತಪಾಸಣೆಗೆ ಬಂದ ಸಂಘದ ಕಾರಕೂನ ಅದನ್ನು ಕಂಡ.

"ಸಂಘದ ಮಾಲು ಕೆಡಸ್ತೀ ಏನವ್ವಾ?"

"ಕಾಲು ಮುಟ್ಟಂಗಿಲ್ರಿ ಸಾಹೇಬ್ರ. ಪಾವಡಿ ತುಸು ಮ್ಯಾಲೆ ಮಾಡಿಕೊಡ್ರಿ."

"ಅಳತಿ ಕಾಗದದಾಗ ಐತಿ. ವರ್ಷದಾಗ ನಿನ್ನ ಕಾಲು ಗಿಡ್ಡ ಆತೇನು?"

ನೆರೆಮನೆಯ ಅನಸವ್ವ ಸುಮ್ಮನಿರಲಿಲ್ಲ. "ಅದು ಹುಲೆಪ್ಪನ ಕಾಲ್ರಿ ಯಪ್ಪಾ! ಅವನ್ನ ಕರೀರಿ, ನಾಳಿಂದ ಅವನೇ ಸೀರಿ ನೇಯಲಿ!"

ಓಣಿ ನಕ್ಕಿತು. ಕಾರಕೂನ ತುಂಡು ಕಿತ್ತೆಸೆದ.

ಆ ಕಾಗದದಲ್ಲಿ ಕಾಲಿನ ಉದ್ದಕ್ಕೆ ಜಾಗವಿತ್ತು, ಕಾಲು ಯಾರದೆಂಬುದಕ್ಕಿರಲಿಲ್ಲ. ಹೆಂಗಸರೇ ನೇಯುವ ಊರಿಗೆ ಟೇಪು ಹಿಡಿಯಲು ಒಬ್ಬ ಹೆಂಗಸನ್ನು ಕಳಿಸಬೇಕೆಂದು ಯಾವ ಜಾಣನಿಗೂ ಹೊಳೆಯಲಿಲ್ಲ. ಅನಸವ್ವನ ಗದ್ದಲ ತಾಳದೆ ಸಂಘದ ಮೂವರು ಹಿರಿಯರು ವಿಚಾರಣೆಗೆ ಬಂದರು. ಮನೆ ತುಂಬ ಗಂಡಸರು.

"ಕೂತು ತುಳದು ತೋರಸವ್ವಾ. ಎಷ್ಟು ನಿಲುಕಂಗಿಲ್ಲ, ನೋಡೂಣು."

ತುಳಿದರೆ ಸೀರೆ ಮೇಲೆ ಸರಿಯುತ್ತಿತ್ತು. ತಾಯವ್ವ ಸೆರಗು ಬಿಗಿಹಿಡಿದು ನಿಂತೇ ಇದ್ದಳು.

"ತೊಂದ್ರಿ ಐತೋ ಇಲ್ಲೋ?"

"ಇಲ್ರಿ," ಎಂದಳು.

ಹಾಗಾದರೆ ಮಗ್ಗದ್ದೇನೂ ತಪ್ಪಿಲ್ಲ, ತುಳಿಯಲಾಗದವಳು ಇವಳೇ ಎಂದುಕೊಂಡು, 'ನೇಯಲು ಅಶಕ್ತಳು' ಎಂದು ಬರೆದು ಮಗ್ಗ ಬಿಚ್ಚಿ ಒಯ್ದರು. ತಾಯವ್ವ ಈಗ ಅನಸವ್ವನ ಪಡಸಾಲೆಯಲ್ಲಿ ಗೋಡೆಗೊರಗಿ, ಬೇರೆಯವರ ಮಗ್ಗಕ್ಕೆ ನೂಲು ಸುತ್ತುತ್ತಾಳೆ.