ಹತ್ತು ಸೆಕೆಂಡಿಗೊಂದು ಉಸಿರು

ಬೆಳಗಿನ ಐದೂಮುಕ್ಕಾಲು. ಸಾನಪಾಡಾದ ಮೂರನೇ ಮಾಳಿಗೆಯ ಅಡುಗೆಮನೆಯಲ್ಲಿ ಲೋಲಾಕ್ಷಿ ದೋಸೆಕಲ್ಲಿಗೆ ಎಣ್ಣೆ ಸವರುತ್ತಿದ್ದಾರೆ. ಕಿಟಕಿಯಾಚೆ ಖಾಡಿಯ ಹಿನ್ನೀರಿನ ಮೇಲಿನ ಮಂಜು ಇನ್ನೂ ಕರಗಿಲ್ಲ. ಪನ್ವೇಲ್ ಕಡೆಯ ಲೋಕಲ್ ರೈಲು ಯಾರದೋ ಕನಸಿನೊಳಗಿಂದ ಹಾದುಹೋದಂತೆ ಸದ್ದು ಮಾಡಿ ಮರೆಯಾಗುತ್ತದೆ. ಸಾಸಿವೆ ಡಬ್ಬಿಯ ಪಕ್ಕ ತೆರೆದಿಟ್ಟ ಲ್ಯಾಪ್‌ಟಾಪಿನಲ್ಲಿ ಹಸಿರು ಗೆರೆಯೊಂದು ಮೆಲ್ಲಗೆ ಎಡದಿಂದ ಬಲಕ್ಕೆ ಹರಿಯುತ್ತಿದೆ. ಅಷ್ಟರಲ್ಲಿ ಫೋನ್ ಒಮ್ಮೆ ರಿಂಗಾಗಿ ನಿಲ್ಲುತ್ತದೆ. ಲೋಲಾಕ್ಷಿ ಎತ್ತುವುದಿಲ್ಲ. ನಸುನಕ್ಕು ಹಿಟ್ಟು ಹುಯ್ಯುತ್ತಾರೆ.

ಆ ರಿಂಗಿನ ಕಥೆ ಆಮೇಲೆ. ಮೊದಲು ಗೆರೆಯದ್ದು.

ಥಾಣೆಯಿಂದ ಕಲ್ಯಾಣದಾಚೆಯ ಶಹಾಡಿನವರೆಗಿನ ಮೂವತ್ತೊಂದು ಸಣ್ಣ ಆಸ್ಪತ್ರೆಗಳಿಗೆ ಯಾವ ಗುಂಪಿನ ರಕ್ತ ಎಲ್ಲಿದೆ ಎಂದು ತಿಳಿಸುವ ಸಾಫ್ಟ್‌ವೇರ್ ಒಂದಿದೆ. ಮಹಾಪೆಯ ಪುಟ್ಟ ಕಂಪನಿಯೊಂದು ಅದನ್ನು ನಡೆಸುತ್ತದೆ. ನಲವತ್ತಮೂರರ ಲೋಲಾಕ್ಷಿಯ ಕೆಲಸ ಆ ಸಾಫ್ಟ್‌ವೇರಿನ ಕ್ಷೇಮ ನೋಡುವುದು. ಅವರು ಬರೆದ ಕೋಡ್ ಅದರೊಳಗೇ ಕುಳಿತು, ಹತ್ತು ಸೆಕೆಂಡಿಗೊಮ್ಮೆ ರಕ್ತದ ಪಟ್ಟಿಗೆ ಒಂದು ಪ್ರಶ್ನೆ ಕೇಳುತ್ತದೆ. ಉತ್ತರ ಬಂದರೆ, ಎಷ್ಟು ಹೊತ್ತು ಹಿಡಿಯಿತು ಎಂಬ ಲೆಕ್ಕದೊಂದಿಗೆ ನಿಗಾ ಇಡುವ ಇನ್ನೊಂದು ಸರ್ವರಿಗೆ 'ಉಸಿರು, ಒಂದು' ಎಂದು ಕಳಿಸುತ್ತದೆ. ಹೌದು, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದ ಉಸಿರೇ. ಒಂದು ನಿಮಿಷ ಉಸಿರು ಬಾರದಿದ್ದರೆ ಲೋಲಾಕ್ಷಿಯ ಫೋನ್ ಕೂಗುತ್ತದೆ. ದಿನಕ್ಕೆ ಎಂಟು ಸಾವಿರದ ಆರುನೂರ ನಲವತ್ತು ಉಸಿರು.

"ಕಳಿಸಿದ ಮೇಲೆ ಮುಟ್ಟಿತಾ ಅಂತ ಕೇಳ್ಲಿಕ್ಕೆ ನಿಲ್ಲುದಿಲ್ಲ ಅದು," ಎನ್ನುತ್ತಾರೆ. "ನಿಂತ್ರೆ ಆಸ್ಪತ್ರೆಯವರ ಕೆಲಸ ತಡ ಆಗ್ತದಲ್ಲ. ನಾಡಿ ನೋಡುವವ ಕೈ ಹಿಸುಕಬಾರ್ದು."

ಈ ಪಾಠ ಕಲಿಸಿದ್ದು ಕಂಪ್ಯೂಟರ್ ಅಲ್ಲ, ಮಿಸ್ಡ್ ಕಾಲ್. ತಂದೆ ವಸಂತಕುಮಾರ ಉಡುಪಿ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ಹೋಟೆಲ್ ಮ್ಯಾನೇಜರ್ ಆಗಿದ್ದವರು. ಮಗಳು ಬಿ.ಕಾಂ. ಮುಗಿಸಿ, ಸಂಜೆಯ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿತು, ಗರ್ದಿಯ ಲೋಕಲಿನಲ್ಲಿ ಒಂಟಿಕಾಲಲ್ಲಿ ನಿಂತು ಕೆಲಸಕ್ಕೆ ಹೋದವರು. ಮದುವೆಯಾದ ಹೊಸದರಲ್ಲಿ ಗಂಡ ಜಯಶೀಲ ಬೆಳಿಗ್ಗೆ ಆಫೀಸು ತಲುಪಿದೊಡನೆ, ಸಂಜೆ ಮರಳಿ ಸ್ಟೇಷನ್ ತಲುಪಿದೊಡನೆ ಒಂದು ರಿಂಗ್ ಕೊಟ್ಟು ಇಡುತ್ತಿದ್ದರು.

"ಒಂದು ರಿಂಗ್ ಅಂದ್ರೆ 'ಮುಟ್ಟಿದೆ' ಅಂತ. ತಪ್ಪಿ ಎತ್ತಿದ್ರೆ ಕಾಲಿನ ದುಡ್ಡು ಹೋಯ್ತು ಅಂತ ಬೈಗಳು!" ಲೋಲಾಕ್ಷಿ ನಗುತ್ತಾರೆ. "ಎರಡು ಸಾವಿರದ ಐದರಲ್ಲಿ ರೈಲೆಲ್ಲ ನಿಂತ ಆ ದೊಡ್ಡ ಮಳೆಯ ದಿನ ಸಂಜೆಯ ರಿಂಗ್ ಬರ್ಲಿಲ್ಲ. ಮರುದಿನ ಮಧ್ಯಾಹ್ನ ಇವರು ರೈಲು ಪಟ್ರಿ ಮೇಲೆ ನಡ್ಕೊಂಡೇ ಬಂದ್ರು. ಬಾರದ ರಿಂಗೂ ಒಂದು ಸುದ್ದಿ ಅಂತ ಅವತ್ತು ಗೊತ್ತಾಯ್ತು."

ಎಲ್ಲ ಸುಸೂತ್ರವಾಗಿತ್ತು, ಕಳೆದ ವರ್ಷದ ಒಂದು ಸೋಮವಾರದವರೆಗೆ. ಹೊಸದಾಗಿ ಸೇರಿದ ಚನ್ನು ಕಲ್ಯಾಣದಲ್ಲೇ ಹುಟ್ಟಿ ಬೆಳೆದ ಬಿಜಾಪುರ ಕಡೆಯವರ ಮಗ, ಬಲು ಶಿಸ್ತಿನ ಹುಡುಗ. ಕೋಡಿನಲ್ಲಿ 'ಉಸಿರು' ಕಂಡು, ಯಾರೋ 'ಯೂಸರ್' ಎಂದು ಬರೆಯಲು ಹೋಗಿ ಸ್ಪೆಲಿಂಗ್ ಕೆಡಿಸಿದ್ದಾರೆಂದು ಬಗೆದ. ಕೋಡಿನಲ್ಲೂ ಅಲಾರಂನಲ್ಲೂ ಒಂದೇ ಏಟಿಗೆ ತಿದ್ದಿಬಿಟ್ಟ. ಲಾಗಿನ್ ಆದವರನ್ನು ಎಣಿಸುವ 'ಯೂಸರ್' ಎಂಬ ಲೆಕ್ಕ ಮೊದಲೇ ಇತ್ತು. ಉಸಿರೆಲ್ಲ ಹೋಗಿ ಅದರೊಳಗೆ ಸೇರಿಕೊಂಡಿತು.

ಮಂಗಳವಾರ ಸಂಜೆ ಮುಖ್ಯಸ್ಥ ಸಂಕರ್ಷಣರು ಪೇಡಾ ಹಂಚಿದರು. ಒಂದೇ ದಿನದಲ್ಲಿ ಯೂಸರ್‌ಗಳು ಎಂಟೂವರೆ ಸಾವಿರ ಹೆಚ್ಚಾಗಿದ್ದರು! ಲೋಲಾಕ್ಷಿ ಅಂಕಿ ನೋಡಿದರು. ನಿನ್ನೆಗಿಂತ ಹೆಚ್ಚಾದದ್ದು ಎಂಟು ಸಾವಿರದ ಆರುನೂರ ನಲವತ್ತರ ಆಸುಪಾಸು. ಎಲ್ಲೋ ಕಂಡ ಮುಖದ ಹಾಗೆ ಆ ಅಂಕಿ ಅವರನ್ನೇ ನೋಡಿತು.

"ಸರ್ ಅಷ್ಟು ಖುಷಿಯಲ್ಲಿದ್ರು. ನಾಳೆ ಸರಿ ನೋಡಿ ಹೇಳುವ ಅಂತ ಪೇಡಾ ನುಂಗಿ ಸುಮ್ಮನಾದೆ."

ಬುಧವಾರ, ಇದೇ ಹೊತ್ತಿಗೆ, ಇದೇ ಒಲೆಯ ಮುಂದೆ ಫೋನ್ ಬಂತು. ಶಹಾಡಿನ ಆಸ್ಪತ್ರೆಯೊಂದರ ನರ್ಸ್ ಜ್ಯೋತ್ಸ್ನಾ. ಸಾಫ್ಟ್‌ವೇರ್ ಕಲಿಸಲು ಹೋದಾಗ ಲೋಲಾಕ್ಷಿ ತಮ್ಮ ನಂಬರ್ ಕೊಟ್ಟುಬಂದಿದ್ದರು.

"ಅಕ್ಕಾ, ಇಪ್ಪತ್ತು ನಿಮಿಷದಿಂದ ಬರೀ ಚಕ್ರ ತಿರುಗ್ತಾ ಉಂಟು. ಹೆರಿಗೆಯವಳಿಗೆ ಓ ನೆಗೆಟಿವ್ ಬೇಕು. ಎಲ್ಲುಂಟು ಅಂತ ಕಾಣ್ತಾ ಇಲ್ಲ."

ರಕ್ತದ ಪಟ್ಟಿ ಸಿಕ್ಕಿಹಾಕಿಕೊಂಡಿತ್ತು. ಉಸಿರು ನಿಂತಿತ್ತು. ಆದರೆ ಗಾಬರಿಯಾದ ನರ್ಸುಗಳು ಮತ್ತೆ ಮತ್ತೆ ಲಾಗಿನ್ ಒತ್ತುತ್ತಿದ್ದುದರಿಂದ ಯೂಸರ್ ಗೆರೆ ಏರುತ್ತಲೇ ಇತ್ತು, ಅದನ್ನೇ ಉಸಿರೆಂದು ನಂಬಿ ಅಲಾರಂ ತೆಪ್ಪಗೆ ಮಲಗಿತ್ತು. ಲೋಲಾಕ್ಷಿ ಒದ್ದೆ ಕೈಯಲ್ಲೇ ಸರ್ವರನ್ನು ಮತ್ತೆ ಚಾಲೂ ಮಾಡಿದರು. ಕಲ್ಯಾಣದ ರಕ್ತನಿಧಿಯೊಂದರಲ್ಲಿ ಎರಡು ಬಾಟಲಿ ಇದ್ದದ್ದು ಪರದೆಗೆ ಬಂತು. ರಿಕ್ಷಾ ಓಡಿತು. ತಾಯಿ, ಮಗು ಇಬ್ಬರೂ ಉಳಿದರು. ಕಲ್ಲಿನ ಮೇಲಿನ ದೋಸೆ ಮಾತ್ರ ಇದ್ದಿಲಾಗಿತ್ತು.

ಅಂದು ಆಫೀಸಿನಲ್ಲಿ ಎಂದೂ ಗಟ್ಟಿ ಮಾತಾಡದ ಲೋಲಾಕ್ಷಿ ಎದ್ದುನಿಂತು ಎಲ್ಲವನ್ನೂ ಹೇಳಿದರು. ಹಿಂದಿನ ಸಂಜೆ ಬಾಯಿ ಬಿಡದ ತಮ್ಮ ತಪ್ಪನ್ನೂ ಸೇರಿಸಿ. "ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನನ್ನ ಕೆಲಸದಲ್ಲಿ ಮೌನ ಬಂಗಾರ ಅಲ್ಲವೇ ಅಲ್ಲ," ಎಂದು ಈಗಲೂ ತಲೆ ತಗ್ಗಿಸುತ್ತಾರೆ. ಆ ನೋವು ಮಾಸಿಲ್ಲ.

ಚನ್ನು ಕಿವಿ ಹಿಡಿದುಕೊಂಡ. "ಸಾರಿ ಮ್ಯಾಡಮ್, ಮುಝೆ ಲಗಾ ಸ್ಪೆಲಿಂಗ್ ಮಿಸ್ಟೇಕ್ ಹೈ. ಕೋಡ್‌ನಾಗ ಯಾರ್ರೀ ಉಸಿರು ಅಂತ ಬರೀತಾರ?" ಸಂಕರ್ಷಣರು ಇಂಗ್ಲಿಷ್ ಹೆಸರಿಡಿ ಎಂದರೆ, ಬೇಡವೆಂದು ಅಡ್ಡ ನಿಂತವನೂ ಅವನೇ. ಅವನಿಗೆ ಕನ್ನಡ ಬರೆಯಲು ಬಾರದು. ತಾಯಿ ರುದ್ರವ್ವನಿಂದ ಚೀಟಿಯಲ್ಲಿ ಬರೆಸಿಕೊಂಡು ಬಂದು, ಅಕ್ಷರ ಹುಡುಕಿ ಹುಡುಕಿ ಕೋಡಿನ ತಲೆಯ ಮೇಲೆ ಟೈಪ್ ಮಾಡಿದ: 'ಇದು ಯೂಸರ್ ಅಲ್ಲಪಾ, ಉಸಿರು. ಮುಟ್ಟಬ್ಯಾಡ.' ಅದು ಇಂದಿಗೂ ಅಲ್ಲೇ ಇದೆ.

ಇನ್ನು ಆ ರಿಂಗ್. ಅಂದಿನಿಂದ ಜ್ಯೋತ್ಸ್ನಾ ರಾತ್ರಿ ಪಾಳಿ ಮುಗಿಸಿ ಹೊರಡುವ ಮುನ್ನ ಒಂದು ಮಿಸ್ಡ್ ಕಾಲ್ ಕೊಡುತ್ತಾಳೆ. ಪರದೆ ಸರಿಯಿದೆ, ನಾನೂ ಸರಿಯಿದ್ದೇನೆ ಎಂದರ್ಥ. ಲೋಲಾಕ್ಷಿ ಎತ್ತುವುದಿಲ್ಲ.

ಮಂಜು ಕರಗುತ್ತಿದೆ. ದೋಸೆ ಮಗುಚುತ್ತಾ ಅವರು ಅರೆಗನಸಿನ ದನಿಯಲ್ಲಿ ಹೇಳುತ್ತಾರೆ: "ಆ ಮಗುವಿಗೆ ಈಗ ಎಂಟು ತಿಂಗಳು. ಶಹಾಡಿನಲ್ಲೇ ಇದ್ದಾರಂತೆ. ಒಮ್ಮೆ ದೂರದಿಂದ ನೋಡ್ಬೇಕು ಅಂತ ಆಸೆ. ಎದುರು ಹೋಗಿ ನಾನು ಯಾರು ಅಂತ ಹೇಳುದು? ಬೇಡ."

ಪರದೆಯ ಮೇಲೆ ಇನ್ನೊಂದು ಹಸಿರು ಚುಕ್ಕಿ ಮೂಡುತ್ತದೆ.

"ಉಸಿರಾಡ್ತಾ ಉಂಟಲ್ಲ, ಸಾಕು."